ಬಿಲ್ಲೆ ತೇಲಿಸುತ್ತದೆ, ಆದರೆ ಕರೆಂಟ್ ಹೊರುವುದಿಲ್ಲವೇಕೆ?

ಪ್ರಶ್ನೆ: ದ್ರವ ಸಾರಜನಕದಲ್ಲಿ ತಣಿಸಿದ ಇಟ್ರಿಯಂ-ಬೇರಿಯಂ-ತಾಮ್ರದ ಆಕ್ಸೈಡ್ ಬಿಲ್ಲೆಯ ಮೇಲೆ ಆಯಸ್ಕಾಂತ ತೇಲುತ್ತದೆ. ಆದರೂ ಅಲ್ಪ ಕಾಂತಕ್ಷೇತ್ರದಲ್ಲಿಯೇ ಈ ಸೂಪರ್‌ಕಂಡಕ್ಟರ್‌ನ (ಅತಿವಾಹಕದ, ಅಂದರೆ ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತುವಿನ) ಪ್ರವಾಹ ಹೊರುವ ಸಾಮರ್ಥ್ಯ ಕುಸಿಯುತ್ತದೆ ಎನ್ನುತ್ತಾರೆ. ಎರಡೂ ನಿಜವಿರಲು ಸಾಧ್ಯವೇ?

ಉತ್ತರ: ಸಾಧ್ಯ. ಪುಡಿಯನ್ನು ಒತ್ತಿ, ಕುಲುಮೆಯಲ್ಲಿ ಕಾಯಿಸಿ ಮಾಡಿದ ಆ ಬಿಲ್ಲೆ ಒಂದೇ ಹರಳಲ್ಲ, ಮೈಕ್ರಾನ್ ಗಾತ್ರದ ಅಸಂಖ್ಯ ಹರಳುಕಣಗಳ ಜೋಡಣೆ. ಸುಮಾರು 92 ಕೆಲ್ವಿನ್‌ಗಿಂತ ಕೆಳಗೆ ಪ್ರತಿಯೊಂದು ಕಣವೂ ಸಮರ್ಥ ಅತಿವಾಹಕವೇ. ಆಯಸ್ಕಾಂತ ತೇಲುವುದಕ್ಕೆ ಕಣಗಳ ಒಳಗೇ ಸುತ್ತುವ ಪ್ರವಾಹ ಸಾಕು. ಬಿಲ್ಲೆಯ ಒಂದು ತುದಿಯಿಂದ ಇನ್ನೊಂದಕ್ಕೆ ಸಾಗುವ ಪ್ರವಾಹವಾದರೋ ಕಣಗಳ ನಡುವಿನ ದುರ್ಬಲ ಕೊಂಡಿಗಳನ್ನು, ಅಂದರೆ 1962ರಲ್ಲಿ ಭೌತವಿಜ್ಞಾನಿ ಬ್ರಯಾನ್ ಜೋಸೆಫ್‌ಸನ್ ಸಿದ್ಧಾಂತ ರೂಪದಲ್ಲಿ ವಿವರಿಸಿದ ಬಗೆಯ ಸಂಧಿಗಳನ್ನು, ದಾಟಲೇಬೇಕು. ಇಂಥ ಸಂಧಿಯೊಳಗೆ ಒಂದು ಕ್ವಾಂಟಮ್‌ನಷ್ಟು (ಅತಿವಾಹಕದಲ್ಲಿ ಫ್ಲಕ್ಸ್‌ನ ಅತಿ ಚಿಕ್ಕ ಘಟಕ), ಎಂದರೆ 2.07 × 10⁻¹⁵ ವೆಬರ್, ಕಾಂತೀಯ ಫ್ಲಕ್ಸ್ (ಹಾದುಹೋಗುವ ಕಾಂತಕ್ಷೇತ್ರದ ಒಟ್ಟು ಪ್ರಮಾಣ) ನುಸುಳಿದರೆ ಸಂಧಿಯ ಒಂದು ಭಾಗದ ಪ್ರವಾಹವನ್ನು ಇನ್ನೊಂದು ಭಾಗದ್ದು ರದ್ದುಗೊಳಿಸುತ್ತದೆ. ಮೈಕ್ರಾನ್ ಅಳತೆಯ ಸಂಧಿಗಳಲ್ಲಿ ಇದಕ್ಕೆ ಕೆಲವೇ ಮಿಲಿಟೆಸ್ಲಾದಷ್ಟು ಕಾಂತಕ್ಷೇತ್ರ ಸಾಕು.

ಇದಕ್ಕಿಂತ ಸ್ವಾರಸ್ಯಕರವಾದದ್ದು ಬಿಲ್ಲೆಯ ನೆನಪು. ಕ್ಷೇತ್ರವನ್ನು ಏರಿಸಿ ಮತ್ತೆ ಇಳಿಸುವಾಗ, ಅದೇ ಮಟ್ಟದ ಕ್ಷೇತ್ರದಲ್ಲಿ ಬಿಲ್ಲೆ ಮೊದಲಿಗಿಂತ ಹೆಚ್ಚು ಪ್ರವಾಹವನ್ನು ಹೊರಬಲ್ಲದು. ಕಣಗಳೊಳಗೆ ಸಿಕ್ಕಿಬಿದ್ದ ಫ್ಲಕ್ಸ್‌ನ ರೇಖೆಗಳು ಸಂಧಿಗಳ ಮೂಲಕ ಹಿಮ್ಮುಖವಾಗಿ ಮರಳುತ್ತ, ಹೊರಗಿನ ಕ್ಷೇತ್ರವನ್ನು ಅಲ್ಲಿ ಭಾಗಶಃ ತಗ್ಗಿಸುವುದೇ ಇದಕ್ಕೆ ಕಾರಣ.

ಅಕ್ಕಪಕ್ಕದ ಹರಳುಗಳ ದಿಕ್ಕಿನ ನಡುವಿನ ಕೋನ ಹೆಚ್ಚಿದಂತೆ ಸಂಧಿಯೂ ದುರ್ಬಲವಾಗುತ್ತದೆಂದು 1988ರಲ್ಲಿ ಐಬಿಎಂ ಸಂಶೋಧಕರು ತೋರಿಸಿದರು. ಇಂದಿನ ಅತಿವಾಹಕ ಪಟ್ಟಿಗಳಲ್ಲಿ ಕಣಗಳನ್ನು ಕೆಲವೇ ಡಿಗ್ರಿಗಳ ವ್ಯತ್ಯಾಸದೊಳಗೆ ಸಾಲಾಗಿ ಬೆಳೆಸುವುದು ಅದಕ್ಕಾಗಿಯೇ.