ಸತುವಿನ ಸಿಲಿಕೇಟ್ ಬಗ್ಗೆ ನೀವು ಕಳ್ಸಿದ ಲೇಖನ ಓದಿ

ನಮಸ್ಕಾರ ಮೇಡಂ,

ಸೋಮವಾರಪೇಟೆ ಕಡೆಯಿಂದ ನೀವು ಕಳ್ಸಿದ "ಕರೆಂಟ್ ಕೊಡುವ ಹಸಿರು ಕಲ್ಲು" ಲೇಖನ ಪೂರ್ತಿ ಓದಿದೆ. ಈಗ ಇರೋ ಹಾಗೆ ಇದನ್ನ ನಮ್ಮ ಪತ್ರಿಕೇಲಿ ಹಾಕೋಕೆ ಆಗಲ್ಲ. ಆದ್ರೆ ಒಂದು ಸಾಲಲ್ಲಿ "ಆಗಲ್ಲ" ಅಂತ ಬರೆದು ಮುಗಿಸೋ ಲೇಖನನೂ ಇದಲ್ಲ. ಕನ್ನಡದಲ್ಲಿ ಖನಿಜಗಳ ಬಗ್ಗೆ ಆಸೆಪಟ್ಟು ಬರೆಯೋರು ತುಂಬಾ ಕಮ್ಮಿ, ನೀವು ಕಾಫಿ ಕುಯ್ಲಿನ ಸೀಸನ್ನಲ್ಲಿ ಟೈಮ್ ಮಾಡ್ಕೊಂಡು ಬರೆದಿದೀರಿ, ಹಾಗಾಗಿ ಎಲ್ಲೆಲ್ಲಿ ಸರಿ ಇಲ್ಲ, ಏನು ಮಾಡ್ಬಹುದು ಅಂತ ಉದ್ದವಾಗೇ ಬರೀತಿದೀನಿ.

ಮೊದಲನೇದು, ಅತಿ ದೊಡ್ಡದು. "ಸತುವಿನ ಸಿಲಿಕೇಟ್ ಅನ್ನುವ ಖನಿಜ ಕಾಯಿಸಿದರೆ ವಿದ್ಯುತ್ ಕೊಡುತ್ತದೆ, ಅಲ್ಟ್ರಾವಯಲೆಟ್ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ" ಅಂತ ಬರೆದಿದೀರಲ್ಲ, ಅದು ಒಂದು ಖನಿಜ ಅಲ್ಲ, ಎರಡು. ವಿದ್ಯುತ್ ವಿಷಯ ಹೆಮಿಮಾರ್ಫೈಟ್‌ದು. ಆ ಕಣ್ಣು ಕುಕ್ಕೋ ಹಸಿರು ವಿಲ್ಲೆಮೈಟ್‌ದು. ಎರಡರಲ್ಲೂ ಸತು ಇದೆ, ಸಿಲಿಕಾ (ಮರಳಲ್ಲಿ ಇರೋ ಪದಾರ್ಥ) ಇದೆ, ಆದ್ರೆ ಹೆಮಿಮಾರ್ಫೈಟ್ ಒಳಗೆ ನೀರೂ ಇದೆ, ವಿಲ್ಲೆಮೈಟ್‌ನಲ್ಲಿ ಇಲ್ಲ. ಈ ನೀರಿನ ವ್ಯತ್ಯಾಸ ನಿಮ್ಮ ಲೇಖನದಲ್ಲಿ ಎಲ್ಲೂ ಬಂದಿಲ್ಲ, ನನ್ನ ಪ್ರಕಾರ ಇಡೀ ಲೇಖನ ನಿಲ್ಲಬೇಕಾಗಿದ್ದೇ ಅದರ ಮೇಲೆ.

ಇವನ್ನ ಬೆರೆಸಿದ್ರಿಂದ ನಿಮ್ಮ ಗುಣಗಳ ಟೇಬಲ್ ಪೂರ್ತಿ ಹಾಳಾಗಿದೆ. ಗಡಸುತನ (1ರಿಂದ 10ರ ಮೋಸ್ ಅಳತೆಯಲ್ಲಿ) 5.5 ಅಂತ ವಿಲ್ಲೆಮೈಟ್‌ದು ಹಾಕಿ ಅದರ ಪಕ್ಕದಲ್ಲೇ ಸಾಂದ್ರತೆ (ನೀರಿನ ಎಷ್ಟು ಪಟ್ಟು ಅನ್ನೋದು) 3.4 ಅಂತ ಹೆಮಿಮಾರ್ಫೈಟ್‌ದು ಹಾಕಿದೀರಿ. ಹೆಮಿಮಾರ್ಫೈಟ್ ಗಡಸುತನ 4.5ರಿಂದ 5, ಸಾಂದ್ರತೆ 3.4–3.5. ವಿಲ್ಲೆಮೈಟ್ ಸಾಂದ್ರತೆ 3.9ರಿಂದ 4.2, ಅಂದ್ರೆ ಕೈಯಲ್ಲಿ ಹಿಡಿದ್ರೇ ತೂಕ ಗೊತ್ತಾಗೋ ಅಷ್ಟು. ಶುದ್ಧ ವಿಲ್ಲೆಮೈಟ್‌ನಲ್ಲಿ ಸತು ಸುಮಾರು 59 ಪರ್ಸೆಂಟ್, ಹೆಮಿಮಾರ್ಫೈಟ್‌ನಲ್ಲಿ 54. ಟೇಬಲ್ ತೆಗೆದುಬಿಡಿ ಅಂತಾನೇ ಹೇಳ್ತೀನಿ, ಈ ಸಂಖ್ಯೆಗಳು ಮಾತಿನ ಮಧ್ಯ ಬಂದ್ರೆ ಸಾಕು.

ಈಗ ವಿದ್ಯುತ್ ವಿಷಯ. "ಕರೆಂಟ್ ಕೊಡುವ ಕಲ್ಲು" ಅಂದ್ರೆ ಓದೋರು ಬಲ್ಬ್ ಉರಿಯುತ್ತೆ ಅಂದ್ಕೋತಾರೆ. ನಡೆಯೋದು ಏನಂದ್ರೆ, ಹರಳು ಬಿಸಿಯಾಗ್ತಾ ಇರೋವಾಗ ಅದರ ಒಂದು ತುದಿ ಪಾಸಿಟಿವ್, ಇನ್ನೊಂದು ನೆಗೆಟಿವ್ ಆಗುತ್ತೆ, ತಣ್ಣಗಾಗೋವಾಗ ಅದೇ ಉಲ್ಟಾ ಆಗುತ್ತೆ, ಉಷ್ಣತೆ ಬದಲಾಗೋದು ನಿಂತ್ರೆ ಹೊಸ ಚಾರ್ಜ್ ಹುಟ್ಟೋದೂ ನಿಲ್ಲುತ್ತೆ. ಒತ್ತಿದ್ರೂ ಹೀಗೇ ಚಾರ್ಜ್ ಬರುತ್ತೆ. ಯಾಕೆ ಅಂತ ನೀವು ಹೇಳಿಲ್ಲ, ಅದೇ ರುಚಿಯಾದ ಭಾಗ! ಹೆಮಿಮಾರ್ಫೈಟ್ ಒಳಗೆ ಅಣುಗಳ ಗುಂಪುಗಳೆಲ್ಲ ಒಂದೇ ದಿಕ್ಕಿಗೆ ಮೂತಿ ಮಾಡ್ಕೊಂಡು ಜೋಡಣೆಯಾಗಿವೆ, ಹಾಗಾಗಿ ಹರಳಿನ ಎರಡು ತುದಿ ಒಂದೇ ಥರ ಇರಲ್ಲ, ಕೆತ್ತಿದ ಪೆನ್ಸಿಲ್ ಥರ ಒಂದು ಕಡೆ ಚೂಪು, ಇನ್ನೊಂದು ಕಡೆ ಚಪ್ಪಟೆ. ಒಳಗಿನ ಒಮ್ಮುಖ ಹೊರಗಡೆ ಆಕಾರದಲ್ಲೂ ಕಾಣುತ್ತೆ, ಚಾರ್ಜಲ್ಲೂ ಕಾಣುತ್ತೆ. ಒಂದೇ ಕಾರಣ, ಎರಡು ಗುಣ. ನೀವು ಇವೆರಡನ್ನ ಬೇರೆ ಬೇರೆ ಪ್ಯಾರಾದಲ್ಲಿ ಸಂಬಂಧನೇ ಇಲ್ಲದ ಹಾಗೆ ಬರೆದಿದೀರಿ. ವಿಲ್ಲೆಮೈಟ್ ಹರಳಿನ ಜೋಡಣೆ ನಡುಬಿಂದುವಿನಿಂದ ಎರಡೂ ಕಡೆ ಸಮ, ಅದಕ್ಕೇ ಅದನ್ನ ಎಷ್ಟು ಕಾಯಿಸಿದ್ರೂ ಈ ಗುಣ ಬರೋ ಹಾಗೇ ಇಲ್ಲ.

ಇನ್ನು ಹಸಿರು ಹೊಳಪು. ಅದು ಸತುವಿನದೂ ಅಲ್ಲ, ಸಿಲಿಕಾದ್ದೂ ಅಲ್ಲ, ವಿಲ್ಲೆಮೈಟ್ ಒಳಗೆ ಸತುವಿನ ಜಾಗದಲ್ಲಿ ಅಲ್ಲಲ್ಲಿ ಕೂತಿರೋ ಚೂರೇ ಚೂರು ಮ್ಯಾಂಗನೀಸ್‌ದು. ಹಾಗಾಗಿ ಎಲ್ಲಾ ವಿಲ್ಲೆಮೈಟೂ ಹೊಳೆಯಲ್ಲ. ಅಮೆರಿಕದ ನ್ಯೂಜೆರ್ಸಿಯ ಫ್ರಾಂಕ್ಲಿನ್, ಸ್ಟರ್ಲಿಂಗ್ ಹಿಲ್ ಗಣಿಗಳದ್ದು ಇದಕ್ಕೆ ಹೆಸರುವಾಸಿ, ಅಲ್ಲಿನ ಕಲ್ಲಿಗೆ ಶಾರ್ಟ್‌ವೇವ್ ಅಲ್ಟ್ರಾವಯಲೆಟ್ ಲೈಟ್ ಬಿಟ್ರೆ ವಿಲ್ಲೆಮೈಟ್ ಹಸಿರು, ಪಕ್ಕದ ಕ್ಯಾಲ್ಸೈಟ್ ಕೆಂಪು. ಫ್ರಾಂಕ್ಲಿನ್ ಗಣಿ 1954ರಲ್ಲಿ, ಸ್ಟರ್ಲಿಂಗ್ ಹಿಲ್ 1986ರಲ್ಲಿ ಮುಚ್ಚಿದ್ವು. ಇದೇ ಮ್ಯಾಂಗನೀಸ್ ಬೆರೆಸಿದ ಸತುವಿನ ಸಿಲಿಕೇಟನ್ನ ಫ್ಯಾಕ್ಟರಿಯಲ್ಲಿ ತಯಾರು ಮಾಡಿ ಹಳೇ ಆಸಿಲೋಸ್ಕೋಪ್ ಪರದೆಗೆ ಬಳೀತಿದ್ರು, ಫಿಸಿಕ್ಸ್ ಲ್ಯಾಬಿನ ಹಳೇ ಆಸಿಲೋಸ್ಕೋಪ್‌ಗಳಲ್ಲಿ ಓಡ್ತಿದ್ದ ಆ ಹಸಿರು ಗೆರೆ ಎಷ್ಟೋ ಕಡೆ ಇದರದ್ದೇ. ಕಾಲೇಜಲ್ಲಿ ನೋಡಿರೋರಿಗೆ ತಕ್ಷಣ ಹಿಡಿಸುತ್ತೆ, ಇದನ್ನ ಸೇರಿಸಿ.

ಎಲ್ಲಿ ಸಿಗುತ್ತೆ ಅನ್ನೋ ಭಾಗಕ್ಕೆ ಬಂದ್ರೆ ನೀವು ದೇಶಗಳ ಹೆಸರು ಉದುರಿಸಿ ಬಿಟ್ಟಿದೀರಿ. ಮೆಕ್ಸಿಕೊ, ನಮೀಬಿಯಾ, ಬೆಲ್ಜಿಯಂ, ಚೀನಾ. ಓದೋರಿಗೆ ಇದ್ರಿಂದ ಏನೂ ಸಿಗಲ್ಲ. ಹೇಗೆ ಹುಟ್ಟುತ್ತೆ ಅಂತ ಹೇಳಿ, ಆಗ ಎಲ್ಲಿ ಅನ್ನೋದು ತಾನಾಗೇ ಬರುತ್ತೆ. ಭೂಮಿ ಒಳಗೆ ಸತು ಹೆಚ್ಚಾಗಿ ಇರೋದು ಸ್ಫ್ಯಾಲರೈಟ್ ರೂಪದಲ್ಲಿ, ಅಂದ್ರೆ ಗಂಧಕದ ಜೊತೆ. ಆ ಅದಿರು ನೆಲದ ಮೇಲ್ಮೈಗೆ ಹತ್ರ ಬಂದಾಗ ಮಳೆ ನೀರು, ಗಾಳಿ ತಾಗಿ ಗಂಧಕ ಸಲ್ಫೇಟ್ ಆಗುತ್ತೆ, ಸತು ಜಿಂಕ್ ಸಲ್ಫೇಟ್ ಆಗಿ ನೀರಲ್ಲಿ ಕರಗಿ ಕೆಳಗಿಳಿಯುತ್ತೆ. ದಾರೀಲಿ ಸುಣ್ಣಕಲ್ಲಿನ ಕಾರ್ಬೊನೇಟ್ ಸಿಕ್ರೆ ಸ್ಮಿತ್ಸೊನೈಟ್ (ಸತುವಿನ ಕಾರ್ಬೊನೇಟ್) ಆಗುತ್ತೆ, ಕರಗಿರೋ ಸಿಲಿಕಾ ಸಿಕ್ರೆ ಹೆಮಿಮಾರ್ಫೈಟ್ ಆಗಿ ಬಿರುಕುಗಳಲ್ಲಿ ಹರಳುಗಟ್ಟುತ್ತೆ. ತಣ್ಣಗಿನ ಜಾಗದಲ್ಲಿ, ನೀರಲ್ಲೇ ಹುಟ್ಟಿದ್ದು, ಅದಕ್ಕೇ ಮೈಯೊಳಗೆ ನೀರು ಉಳ್ಕೊಂಡಿದೆ. ಫ್ರಾಂಕ್ಲಿನ್ ವಿಲ್ಲೆಮೈಟ್ ಹಾಗಲ್ಲ, ನೆಲದಾಳದ ಬಿಸಿ, ಒತ್ತಡ ಕಂಡಿರೋ ಅದಿರು ಅದು. ಹೆಮಿಮಾರ್ಫೈಟ್ ಸಿಗೋ ಮೆಕ್ಸಿಕೊದ ಮಪಿಮಿ ಹತ್ರ ಓಹುಎಲಾ ಗಣಿ, ನಮೀಬಿಯಾದ ಸ್ಕಾರ್ಪಿಯನ್ ಗಣಿ ಎರಡೂ ಒಣ ಸೀಮೆಯಲ್ಲಿವೆ. ಅಂಥ ಕಡೆ ಕರಗಿದ ಸತು ತೊಳೆದು ಹೋಗದೆ ಅಲ್ಲೇ ಉಳಿಯೋಕೆ ಅವಕಾಶ ಜಾಸ್ತಿ. ಇದನ್ನ ಬರೀರಿ.

ನಿಮ್ಮ ಲೇಖನದಲ್ಲಿ ನಂಗೆ ತುಂಬಾ ಇಷ್ಟ ಆಗಿದ್ದು ಕೊನೇಲಿ ಬರೋ ಮೂರು ಸಾಲು, ನಿಮ್ಮ ಅಪ್ಪಯ್ಯ ತೋಟದಲ್ಲಿ ಕಾಫಿ ಎಲೆ ಸಣ್ಣಗೆ, ಉದ್ದಕ್ಕೆ ಆಗಿ ಗೆಣ್ಣು ಗೆಣ್ಣು ಹತ್ರ ಬಂದು ಮುದುಡಿದ್ದು ನೋಡಿ ಜಿಂಕ್ ಸ್ಪ್ರೇ ಹೊಡೆಸಿದ್ದು. ಅದನ್ನ ಕೊನೆಗೆ ಯಾಕೆ ತಳ್ಳಿದ್ರಿ? ಡ್ರಮ್ಮಲ್ಲಿ ಕಲಸೋ ಆ ಜಿಂಕ್ ಸಲ್ಫೇಟ್, ಗಣಿ ಮೇಲಿನ ಮಳೆ ನೀರಲ್ಲಿ ತಾನಾಗೇ ಆಗೋ ಜಿಂಕ್ ಸಲ್ಫೇಟ್, ರಾಸಾಯನಿಕವಾಗಿ ಒಂದೇ. ಅದು ನೀರಲ್ಲಿ ಸಲೀಸಾಗಿ ಕರಗೋದ್ರಿಂದಲೇ ಎಲೆಗೆ ಹೊಡೀತೀವಿ. ಅದೇ ಸತು ಸಿಲಿಕಾ ಜೊತೆ ಸೇರಿ ಕಲ್ಲಾದ್ಮೇಲೆ ಬರೀ ನೀರಲ್ಲಿ ಕರಗೋ ಮಾತೇ ಇಲ್ಲ ಅನ್ನೋ ಹಾಗೆ. ಕೊಡಗಿನ ಓದುಗರಿಗೆ ಈ ಖನಿಜ ಹತ್ರ ಆಗೋ ನಿಜವಾದ ದಾರಿ ಇದು, ಮಧ್ಯಕ್ಕೆ ತನ್ನಿ.

ಆದ್ರೆ "ನಮ್ಮ ತೋಟದ ಬರೆ ಜರಿದಾಗ ಸಿಕ್ಕ ಬಿಳಿ ಹರಳು ಇದೇ ಖನಿಜ ಇರಬಹುದು" ಅನ್ನೋ ಪ್ಯಾರಾ ಬೇಡ. ಹೆಮಿಮಾರ್ಫೈಟ್ ಆಗ್ಬೇಕಾದ್ರೆ ಮೊದಲು ಅಲ್ಲಿ ಸತುವಿನ ಅದಿರು ಇರ್ಬೇಕು, ನಮ್ಮ ಕಡೆ ಕೆಳಗಿರೋದು ಹಳೇ ನೈಸ್, ಚಾರ್ನೊಕೈಟ್ ಬಂಡೆ. ಫೋಟೊ ನೋಡಿದ್ರೆ ಬೆಣಚುಕಲ್ಲು ಥರ ಕಾಣುತ್ತೆ. ನೀವೇ ಚೆಕ್ ಮಾಡಿ, ಒಳ್ಳೆ ಸ್ಟೀಲ್ ಚಾಕುವಿನ ಮೊನೇಲಿ ಗೀರಿ. ಬೆಣಚುಕಲ್ಲಿನ ಗಡಸುತನ 7, ಅದ್ರ ಮೇಲೆ ಗೀರು ಬೀಳಲ್ಲ, ಹೆಮಿಮಾರ್ಫೈಟ್ ಆಗಿದ್ರೆ ಬೀಳುತ್ತೆ. ತೂಕದಲ್ಲೂ ಗೊತ್ತಾಗುತ್ತೆ, ಬೆಣಚಿನ ಸಾಂದ್ರತೆ 2.65 ಅಷ್ಟೇ. ಈ ಪರೀಕ್ಷೆ ಮಾಡಿ ಏನಾಯ್ತು ಅಂತ ಬರೆದ್ರೆ, ಆ ಪ್ಯಾರಾ "ಇರಬಹುದು"ಗಿಂತ ಎಷ್ಟೋ ಚೆನ್ನಾಗಿರುತ್ತೆ.

ರಾಜಸ್ಥಾನದ ಜಾವರ್‌ನಲ್ಲಿ ಹಿಂದಿನೋರು ಈ ಖನಿಜದಿಂದ ಸತು ತೆಗೀತಿದ್ರು ಅಂದಿದೀರಿ. ಜಾವರ್‌ದು ಹೆಮ್ಮೆಯ ಕಥೆನೇ, ಸತು 907 ಡಿಗ್ರಿಗೇ ಆವಿಯಾಗಿ ಹಾರಿ ಹೋಗುತ್ತೆ ಅನ್ನೋ ಕಷ್ಟನ ಮಣ್ಣಿನ ಮುಚ್ಚಿದ ಮೂಸೆಗಳಲ್ಲಿ ಬಟ್ಟಿ ಇಳಿಸಿ ಗೆದ್ದೋರು ಅವ್ರು. ಆದ್ರೆ ಅಲ್ಲಿನ ಮುಖ್ಯ ಅದಿರು ಸ್ಫ್ಯಾಲರೈಟ್. ಆ ವಾಕ್ಯ ತಿದ್ದಿ. ಸಿಲಿಕೇಟ್‌ನೇ ಮುಖ್ಯ ಅದಿರಾಗಿರೋ ಗಣಿ ಬೇಕಂದ್ರೆ ಬ್ರೆಜಿಲ್‌ನ ವಜಾಂತೆ ಇದೆ, ಅಲ್ಲಿ ವಿಲ್ಲೆಮೈಟ್. ಇಂಥ ಅದಿರನ್ನ ಆಸಿಡ್‌ನಲ್ಲಿ ಕರಗಿಸೋವಾಗ ಸಿಲಿಕಾ ಜೆಲ್ ಥರ ಆಗಿ ಫಿಲ್ಟರ್ ಕಟ್ಕೊಳ್ಳುತ್ತೆ, ಎಂಜಿನಿಯರುಗಳಿಗೆ ಅದೇ ದೊಡ್ಡ ತಲೆನೋವು.

ಈ ಆಸಿಡ್ ವಿಷಯದಲ್ಲೇ ಇನ್ನೊಂದು. ಹಿಂದೆ ಹೆಮಿಮಾರ್ಫೈಟ್, ಸ್ಮಿತ್ಸೊನೈಟ್ ಎರಡನ್ನೂ ಸೇರಿಸಿ ಕ್ಯಾಲಮೈನ್ ಅಂತಿದ್ರು. ಅವು ಬೇರೆ ಬೇರೆ ಅಂತ ರಾಸಾಯನಿಕವಾಗಿ ವಿಶ್ಲೇಷಣೆ ಮಾಡಿ 1802ರಲ್ಲಿ ತೋರಿಸಿಕೊಟ್ಟಿದ್ದು ಬ್ರಿಟಿಷ್ ರಸಾಯನ ವಿಜ್ಞಾನಿ ಜೇಮ್ಸ್ ಸ್ಮಿತ್ಸನ್, ಅವರು ಬಿಟ್ಟುಹೋದ ದುಡ್ಡಲ್ಲೇ ಆಮೇಲೆ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆ ಆಯ್ತು. ಆಸಿಡ್ ಹಾಕಿದ್ರೆ ಕಾರ್ಬೊನೇಟ್ ನೊರೆ ಬರುತ್ತೆ, ಸಿಲಿಕೇಟ್ ನೊರೆ ಬರದೆ ಜೆಲ್ ಆಗುತ್ತೆ. ನೀವು "ಕ್ಯಾಲಮೈನ್ ಅಂದರೆ ಹೆಮಿಮಾರ್ಫೈಟ್" ಅಂತ ಒಂದೇ ಏಟಿಗೆ ಬರೆದಿದ್ದು ಅರ್ಧ ಸತ್ಯ.

ಭಾಷೆ ಬಗ್ಗೆ ಜಾಸ್ತಿ ಹೇಳಲ್ಲ. "ಇದು ಪ್ರದರ್ಶಿಸುತ್ತದೆ", "ಇದು ಹೊಂದಿರುತ್ತದೆ" ಅಂತ ಸಾಲು ಸಾಲು ಇದೆ, ಎಲ್ಲಿಂದಲೋ ಎತ್ತಿ ತಂದು ಕನ್ನಡ ಮಾಡಿದ ಹಾಗೆ ಕೇಳುತ್ತೆ. ಅಪ್ಪಯ್ಯನ ಸ್ಪ್ರೇ ಬಗ್ಗೆ ಬರೆದ ಮೂರು ಸಾಲಲ್ಲಿ ಆ ಥರ ಒಂದು ಪದನೂ ಇಲ್ಲ, ಉಳಿದಿದ್ದನ್ನೂ ಆ ಧ್ವನೀಲೇ ಬರೀರಿ.

ತಿದ್ದಿ ಕಳ್ಸಿ, ಮಳೆಗಾಲದ ಸಂಚಿಕೆಗೆ ನೋಡೋಣ. ಹೆಮಿಮಾರ್ಫೈಟನ್ನೇ ಮುಖ್ಯ ಇಟ್ಕೊಳ್ಳಿ, ವಿಲ್ಲೆಮೈಟ್ ಹೋಲಿಕೆಗೆ ಬರಲಿ. ಲೇಖನದ ಜೊತೆ ಕಳ್ಸಿದ ಆ ನೀಲಿ ಹರಳಿನ ಗೊಂಚಲಿನ ಫೋಟೊ ಇಂಟರ್ನೆಟ್ಟಿಂದ ತೆಗೆದಿದ್ದಾದ್ರೆ ತೆಗೆದೋರ ಪರ್ಮಿಷನ್ ಇಲ್ಲದೆ ಹಾಕೋಕಾಗಲ್ಲ, ಅದ್ರ ಬದಲು ಮುದುಡಿದ ಕಾಫಿ ಎಲೆದು, ಹೊಸ ಚಿಗುರಿನದು ಒಂದೊಂದು ಫೋಟೊ ನೀವೇ ತೆಗೆದು ಕಳ್ಸಿ.