ತೋಟದ ಕುಯ್ಲು ಹಬ್ಬಕ್ಕೆ ಜನರನ್ನು ಕರೆಯುವ ಮೊದಲು

ಕೊಡಗಿನ ಮಾದಾಪುರದ ಕಡೆಯಿಂದ ಪೋಸ್ಟ್ ಹಾಕಿದವರಿಗೆ ಈ ಉತ್ತರ. ನಂದಿ ಬೆಟ್ಟದ ಬುಡದ ದ್ರಾಕ್ಷಿ ತೋಟದಲ್ಲಿ ಮಕ್ಕಳು ದ್ರಾಕ್ಷಿ ತುಳಿಯುವುದನ್ನು ನೋಡಿ ಬಂದಿದ್ದೀರಿ. ಡಿಸೆಂಬರಿನಲ್ಲಿ ನಿಮ್ಮ ಅರೇಬಿಕಾ ಕಾಫಿ ತೋಟದಲ್ಲೂ ‘ಹುತ್ತರಿ ಸ್ಪೆಷಲ್’ ಅಂತ ಫ್ಯಾಮಿಲಿ ಹಬ್ಬ ಮಾಡ್ತೀನಿ, ನೂರು ಜನ ಬರಲಿ, ಎಲ್ಲಿ ಬೇಕಾದರೂ ಹಣ್ಣು ಕುಯ್ಯಲಿ, ದ್ರಾಕ್ಷಿಯನ್ನೂ ತರಿಸಿ ತುಳಿಸೋಣ ಅಂದಿದ್ದೀರಿ. ಹಬ್ಬ ಖಂಡಿತ ಮಾಡಿ. ಇಡೀ ತೋಟ ಮಾತ್ರ ಬಿಟ್ಟುಕೊಡಬೇಡಿ. ನಾನು ಬಿಟ್ಟು ಕೆಟ್ಟಿದ್ದೇನೆ.

ದ್ರಾಕ್ಷಿಯಾದರೆ ಗೊಂಚಲು ಹಿಡಿದು ಕತ್ತರಿಸಿದರೆ ಮುಗೀತು. ನಮ್ಮಲ್ಲಿ ಒಂದೇ ಗಂಟಿನಲ್ಲಿ ಕೆಂಪು, ಹಳದಿ, ಹಸಿರು ಮೂರೂ ಇರುತ್ತವಲ್ವಾ? ನಮ್ಮ ತೋಟಕ್ಕೆ ಬಂದವರು ರೆಕ್ಕೆಯನ್ನು, ಅಂದರೆ ಗಿಡದ ಅಡ್ಡ ಕೊಂಬೆಯನ್ನು, ಮುಷ್ಟಿಯಲ್ಲಿ ಹಿಡಿದು ತುದಿಯವರೆಗೆ ಎಳೆದುಬಿಟ್ಟರು. ಕಾಯಿ, ಎಲೆ, ತೊಟ್ಟು ಎಲ್ಲ ಬುಟ್ಟಿಗೆ. ಫೋಟೋಗೆ ಅಂತ ಮೇಲಿನ ರೆಕ್ಕೆ ಬಗ್ಗಿಸಿದರು, ಚಟ್ ಅಂತ ಮುರಿಯಿತು. ತುದಿಯ ಹೊಸ ಗಂಟುಗಳಲ್ಲಿ ಮೊಗ್ಗು ಆಗಲೇ ಕೂತಿರುತ್ತೆ, ಹೂ ಅರಳಿಸುವ ಹೂಮಳೆಗೆ ಕಾಯುತ್ತಾ. ಮುಂದಿನ ವರ್ಷದ ಫಸಲೂ ಹೋಯಿತು. ಸಂಜೆ ಮೂಟೆ ಬಿಚ್ಚಿದರೆ ಅರ್ಧಕ್ಕರ್ಧ ಹಸಿರು. ಹಸಿರು ಕಾಯಿ ಪಲ್ಪರಿನಲ್ಲಿ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ) ಸಿಪ್ಪೆ ಬಿಡುವುದಿಲ್ಲ, ಬೀಜ ಜಜ್ಜಿಹೋಗುತ್ತೆ. ಆರಿಸುತ್ತಾ ಕೂತೆವು. ಮರುದಿನ ಉಳಿದ ಮೂಟೆಯೊಳಗೆ ಕೈ ಹಾಕಿದರೆ ಬಿಸಿ, ಹುಳಿ ವಾಸನೆ ಬೇರೆ. ಎಲ್ಲವನ್ನೂ ಕಣಕ್ಕೆ ಸುರಿದು ಸಿಪ್ಪೆ ಸಮೇತ ಒಣಗಿಸಿ ಚೆರ್ರಿ ಮಾಡಿದೆ. ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಪಾರ್ಚ್‌ಮೆಂಟ್ ಕಾಫಿಯ ರೇಟು ಸಿಗಲಿಲ್ಲ.

ಈಗ ನಾನು ಮಾಡುವುದು ಇಷ್ಟು. ಕಣದ ಹತ್ತಿರ, ಸಮತಟ್ಟಾದ ಜಾಗದಲ್ಲಿ ಐವತ್ತು ಗಿಡ ಮಾತ್ರ ಬಿಡುತ್ತೇನೆ. ಮೊದಲ ಸುತ್ತಿನ ಕುಯ್ಲು ನಮ್ಮವರೇ ಮುಗಿಸಿರುತ್ತಾರೆ, ಎರಡನೇ ಸುತ್ತಿಗೆ ಗಿಡ ಚೆನ್ನಾಗಿ ಕೆಂಪಾದ ಮೇಲೆಯೇ ತಾರೀಕು ಹೇಳುವುದು. ಪ್ರತಿ ಮಗುವಿಗೆ ಬುಟ್ಟಿಯ ಜೊತೆ ಒಂದು ಸ್ಟೀಲ್ ಲೋಟದಲ್ಲಿ ನೀರು. ಕುಯ್ದ ಹಣ್ಣನ್ನು ಒಂದೊಂದಾಗಿ ಅದರಲ್ಲಿ ಹಾಕಬೇಕು. ತೇಲಿದರೆ ಜೊಳ್ಳು, ಇಲ್ಲವೇ ಬೋರರ್ (ಕಾಯಿ ಕೊರೆಯುವ ಪುಟ್ಟ ದುಂಬಿ) ಕೊರೆದದ್ದು. ತುದಿಯಲ್ಲಿ ಸೂಜಿ ಚುಚ್ಚಿದಷ್ಟು ತೂತು ಕಾಣುತ್ತೆ, ಬಿಡಿಸಿ ತೋರಿಸಿ. ಲೋಟ ಕೈಯಲ್ಲಿದ್ದರೆ ಮುಷ್ಟಿ ಹಾಕಿ ಎಳೆಯುವುದು ತಾನಾಗಿ ನಿಲ್ಲುತ್ತೆ. ಹಸಿರು ಕಾಯಿಯೂ ಮುಳುಗುತ್ತೆ, ಹಾಗಾಗಿ ಬಣ್ಣ ಮೊದಲು, ನೀರು ಆಮೇಲೆ. ತೇಲಿದ್ದನ್ನು ತೋಟಕ್ಕೆ ಎಸೆಯಬೇಡಿ, ಕುದಿಯುವ ನೀರಿಗೆ ಹಾಕಿ. 6 ಕೆಜಿ ಹಣ್ಣಿಗೆ ಸುಮಾರು 1 ಕೆಜಿ ಬೀಜ ಅಂತ ತಕ್ಕಡಿ ಇಟ್ಟು ತೋರಿಸಿ, ದೊಡ್ಡವರೂ ಬಾಯಿ ಬಿಟ್ಟು ನೋಡುತ್ತಾರೆ. ಹನ್ನೊಂದೂವರೆಗೆ ಕುಯ್ಲು ನಿಲ್ಲಿಸಿ, ಅವತ್ತೇ ಪಲ್ಪ್ ಮಾಡಿ.

ಹಿಂದಿನ ದಿನ ಕೆಂಜಿಗದ (ಕಚ್ಚುವ ಕೆಂಪು ಇರುವೆ) ಗೂಡು ನೋಡಿಸಿ. ಕಾಳುಮೆಣಸು ಕುಯ್ಯುವ ಏಣಿ ಒಳಗಿಟ್ಟು ಬೀಗ ಹಾಕಿ, ಮಕ್ಕಳು ಹತ್ತಿಯೇ ಹತ್ತುತ್ತಾರೆ. ಔಷಧಿ ಹೊಡೆದ ಬ್ಲಾಕ್ ಬೇಡವೇ ಬೇಡ. ಆನೆ ಎಲ್ಲಿದೆ ಅಂತ ಬೆಳಗ್ಗೆ ಮೇಸ್ತ್ರಿಯನ್ನು ಕೇಳಿಯೇ ಗೇಟು ತೆಗೆಯಿರಿ, ನಾಲ್ಕಕ್ಕೆ ಎಲ್ಲರನ್ನೂ ಕಳಿಸಿ. ಹಾಸಲು ಸಿಲ್ಪಾಲಿನ್ ಅನ್ನೋ ಗಟ್ಟಿ ಟಾರ್ಪಾಲು ತನ್ನಿ, ದುಡ್ಡು ಜಾಸ್ತಿಯಾದರೂ ವರ್ಷಗಟ್ಟಲೆ ಬರುತ್ತೆ. ಸಂತೆಯ ನೀಲಿ ಟಾರ್ಪಾಲು ಒಂದೇ ಬಿಸಿಲಿಗೆ ಪುಡಿಪುಡಿ.

ದ್ರಾಕ್ಷಿ ತರಿಸಿ ತುಳಿಸುವ ಯೋಚನೆ ಬಿಡಿ. ಆ ಸಿಹಿ ರಸಕ್ಕೆ ಜೇನು, ಕಣಜ ಮುತ್ತಿಕೊಳ್ಳುತ್ತವೆ, ಮಕ್ಕಳು ಬರಿಗಾಲಲ್ಲಿರುತ್ತಾರೆ. ಮನೆ ವೈನ್ ಮಾರುವುದಕ್ಕೂ ಲೈಸೆನ್ಸ್ ಬೇಕು. ಬೆಲ್ಲದ ಕಾಫಿ, ಪ್ಯಾಷನ್ ಫ್ರೂಟ್ ಜ್ಯೂಸ್ ಕೊಡಿ, ಖುಷಿಯಾಗಿ ಕುಡಿಯುತ್ತಾರೆ.

ಇನ್ನು ‘ಹುತ್ತರಿ ಸ್ಪೆಷಲ್’. ದಯವಿಟ್ಟು ಬೇಡ. ಕಕ್ಕಬ್ಬೆಯ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ದಿನ ಗೊತ್ತುಮಾಡಿ, ಮನೆಯವರೆಲ್ಲ ಸೇರಿ ಗದ್ದೆಗಿಳಿದು ‘ಪೊಲಿ ಪೊಲಿ ದೇವಾ’ ಅಂತ ಕದಿರು ತೆಗೆಯುವ ಹಬ್ಬ ಅದು. ಟಿಕೆಟ್ ಹಾಕುವಂಥದ್ದಲ್ಲ. ಆ ವಾರ ನಿಮಗೆ ಆಳೂ ಸಿಗುವುದಿಲ್ಲ. ಹುತ್ತರಿ ಕಳೆದು ಎರಡು ವಾರ ಬಿಟ್ಟು ಇಟ್ಟುಕೊಳ್ಳಿ, ಮೋಡವಿದ್ದರೆ ಮುಂದಕ್ಕೆ ಹಾಕಿ.

ಮರುದಿನ ಆ ಐವತ್ತು ಗಿಡದ ಬುಡದಲ್ಲಿ ಉದುರು ಹಣ್ಣು ಒಂದೂ ಬಿಡದೆ ಆರಿಸಿಸಿ, ಬೋರರ್ ಅದರಲ್ಲಿ ಉಳಿದು ಬೆಳೆಯುತ್ತೆ. ಮಕ್ಕಳ ಕೈಗೆ ಆಗುವ ಚಿಕ್ಕ ಬುಟ್ಟಿ ನನ್ನಲ್ಲಿ ಇಪ್ಪತ್ತು ಇವೆ. ಬೇಕಾದರೆ ಜೀಪು ಕಳಿಸಿ, ಕೊಡುತ್ತೇನೆ.