ಗಬ್ಬದ ಕುದುರೆ, ಎಳೆ ಮರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮದುವೆ ಮೆರವಣಿಗೆಗೆ ದುಡಿಸಿ ಬೀದಿಗೆ ಬಿಟ್ಟಿದ್ದ ಹೆಣ್ಣು ಕುದುರೆಯನ್ನು ನಮ್ಮ ತೋಟಕ್ಕೆ ತಂದಿದ್ದೇವೆ. ಪಕ್ಕೆಲುಬು ಎಣಿಸಬಹುದು, ಹೊಟ್ಟೆ ಮಾತ್ರ ದೊಡ್ಡದು. ಗಬ್ಬ ಅಂದರು ಡಾಕ್ಟರು. ಎಷ್ಟು ತಿಂಗಳೋ ಗೊತ್ತಿಲ್ಲ. ಈಯುವ ದಿನ ತಿಳಿಯುವುದು ಹೇಗೆ? ಏನು ಸಿದ್ಧತೆ ಬೇಕು?
– ಓದುಗರು, ಹೆಸರಘಟ್ಟ

ಉತ್ತರ: ಕುದುರೆ ಗಬ್ಬ ಸುಮಾರು 11 ತಿಂಗಳು, 320ರಿಂದ 365 ದಿನದವರೆಗೂ ಹೋಗುತ್ತದೆ. ದಿನ ಗೊತ್ತಿಲ್ಲದಿದ್ದರೆ ಕೆಚ್ಚಲು ನೋಡುತ್ತಿರಿ. ಈಯಲು 2ರಿಂದ 4 ವಾರ ಇರುವಾಗ ಅದು ತುಂಬತೊಡಗುತ್ತದೆ. ಬಾಲದ ಬುಡದ ಎರಡೂ ಬದಿ ಸಡಿಲವಾಗುತ್ತದೆ. ಕೊನೆಯ ಒಂದೆರಡು ದಿನ ಮೊಲೆತೊಟ್ಟಿನ ತುದಿಯಲ್ಲಿ ಮೇಣದಂಥ ಹಳದಿ ಹನಿ ಕಟ್ಟಬಹುದು. ದಿನಾ ಸಂಜೆ ಎರಡು ಹನಿ ಹಾಲು ತೆಗೆದು ಪಿಎಚ್ ಪಟ್ಟಿಗೆ (ಹುಳಿಯ ಪ್ರಮಾಣ ತೋರಿಸುವ ಕಾಗದ) ತಾಗಿಸಿ, 6.4ಕ್ಕೆ ಇಳಿದರೆ ರಾತ್ರಿ ಕಾವಲು ಶುರು ಮಾಡಿ. ಎರಡೇ ಹನಿ ಸಾಕು, ಹೆಚ್ಚು ಕರೆದರೆ ಮರಿಯ ಪಾಲಿನ ಗಿಣ್ಣು ಹೋಗುತ್ತದೆ.

ಸೊರಗಿದೆ ಎಂಬ ಕನಿಕರಕ್ಕೆ ಬಕೆಟ್‌ಗಟ್ಟಲೆ ಹುರುಳಿ ಇಡಬೇಡಿ. ಬಹಳ ದಿನ ಹಸಿದ ಕುದುರೆಗೆ ಒಮ್ಮೆಲೇ ಕಾಳು ಬಿದ್ದರೆ ಹೊಟ್ಟೆನೋವು, ಗೊರಸಿನ ಉರಿಯೂತ, ಕೆಲವೊಮ್ಮೆ ಸಾವು. ಮೊದಲ ವಾರ, ಹತ್ತು ದಿನ ಒಳ್ಳೆಯ ಹುಲ್ಲನ್ನೇ ದಿನಕ್ಕೆ ಆರೇಳು ಸಲ ಸ್ವಲ್ಪಸ್ವಲ್ಪ ಕೊಡಿ, ಆಮೇಲೆ ನೆನೆಸಿ ಬೇಯಿಸಿದ ಹುರುಳಿ ಹಿಡಿಯಷ್ಟರಿಂದ ಏರಿಸಿ. ಧನುರ್ವಾಯು ಲಸಿಕೆ ಹಾಕಿಸಿದ್ದರ ದಾಖಲೆ ಇಲ್ಲದಿದ್ದರೆ ಈಗಲೇ ಒಂದು, ನಾಲ್ಕು ವಾರಕ್ಕೆ ಇನ್ನೊಂದು. ಗ್ಲ್ಯಾಂಡರ್ಸ್ ಪರೀಕ್ಷೆಗೆ ರಕ್ತ ಕಳಿಸಿ. ಅದು ಮನುಷ್ಯರಿಗೂ ಹರಡುವ ರೋಗ. ಫಲಿತಾಂಶ ಬರುವ ತನಕ ಬೇರೆ ಕುದುರೆಗಳಿಂದ ದೂರ ಕಟ್ಟಿ.

ಈಯುವ ಕೋಣೆ 12 ಅಡಿ ಉದ್ದ, 12 ಅಡಿ ಅಗಲಕ್ಕಿಂತ ಚಿಕ್ಕದಾಗಬಾರದು. ನೆಲಕ್ಕೆ ಭತ್ತದ ಒಣಹುಲ್ಲು ದಪ್ಪಗೆ ಹಾಸಿ. ಮರದ ಹೊಟ್ಟು ಬೇಡ, ಒದ್ದೆ ಮರಿಯ ಮೂಗಿಗೂ ಹೊಕ್ಕುಳಿಗೂ ಮೆತ್ತಿಕೊಳ್ಳುತ್ತದೆ.

ಪ್ರಶ್ನೆ: ಈಯುವಾಗ ನಾವು ಯಾವಾಗ ಕೈ ಹಾಕಬೇಕು? ಯಾವಾಗ ಡಾಕ್ಟರನ್ನು ಕರೆಯಬೇಕು?
– ಓದುಗರು, ಯಲಹಂಕ

ಉತ್ತರ: ಹೆಚ್ಚಿನ ಕುದುರೆಗಳು ರಾತ್ರಿ ಈಯುತ್ತವೆ. ಜನ ಗುಂಪು ಕಟ್ಟಿ ನಿಂತರೆ ತಡ ಮಾಡುತ್ತವೆ ಕೂಡ. ಒಬ್ಬರು ದೂರ ನಿಂತು ಗಡಿಯಾರ ನೋಡಲಿ. ನೀರು ಒಡೆದ ಮೇಲೆ ಮರಿ 20–30 ನಿಮಿಷದಲ್ಲಿ ಹೊರಬರಬೇಕು. ಮೊದಲು ಬಿಳಿ-ನೀಲಿ ಪೊರೆ, ಅದರೊಳಗೆ ಒಂದು ಮುಂಗಾಲು ಸ್ವಲ್ಪ ಮುಂದೆ, ಇನ್ನೊಂದು ಹಿಂದೆ, ಮಂಡಿಯ ಮೇಲೆ ಮೂತಿ: ಇದು ಸರಿಯಾದ ಕ್ರಮ. ಗೊರಸಿನ ಅಡಿ ಆಕಾಶ ನೋಡುತ್ತಿದ್ದರೆ, ಒಂದೇ ಕಾಲು ಬಂದಿದ್ದರೆ, ಅಥವಾ ಹತ್ತು ನಿಮಿಷ ಮುಕ್ಕಿದರೂ ಏನೂ ಮುಂದೆ ಸರಿಯದಿದ್ದರೆ ಡಾಕ್ಟರಿಗೆ ಫೋನ್ ಮಾಡಿ, ಅವರು ಬರುವ ತನಕ ಕುದುರೆಯನ್ನು ಎಬ್ಬಿಸಿ ನಡೆಸಿ.

ಡಾಕ್ಟರಿಗೆ ಕಾಯಬಾರದ ಸಂದರ್ಭ ಒಂದೇ ಒಂದು. ಬಿಳಿ ಪೊರೆಯ ಬದಲು ಕಡುಗೆಂಪು, ತರಿತರಿಯಾದ ಚೀಲ ಕಂಡರೆ ಮಾಸು ಮೊದಲೇ ಬಿಟ್ಟುಕೊಂಡಿದೆ, ಮರಿಗೆ ಉಸಿರಿಲ್ಲ ಎಂದರ್ಥ. ಮೊಂಡು ತುದಿಯ ಕತ್ತರಿಯಿಂದ ತಕ್ಷಣ ಚೀಲ ಸೀಳಿ, ಕುದುರೆ ಮುಕ್ಕಿದಾಗಲೆಲ್ಲ ಮರಿಯನ್ನು ತಾಯಿಯ ಹಿಂಗಾಲಿನ ಕಡೆಗೆ, ಕೆಳಮುಖವಾಗಿ ಎಳೆಯಿರಿ.

ಹೊಕ್ಕುಳ ಬಳ್ಳಿಯನ್ನು ಕತ್ತರಿಸಬೇಡಿ. ತಾಯಿ ಎದ್ದಾಗ ತಾನೇ ಹರಿಯುತ್ತದೆ. ಶೇ. 2ರ ಕ್ಲೋರ್‌ಹೆಕ್ಸಿಡಿನ್ (ಕ್ರಿಮಿನಾಶಕ ದ್ರಾವಣ) ಒಂದು ಪಾಲಿಗೆ ಕುದಿಸಿ ಆರಿಸಿದ ನೀರು ಮೂರು ಪಾಲು ಬೆರೆಸಿ, ಸಣ್ಣ ಲೋಟದಲ್ಲಿ ಹೊಕ್ಕುಳ ತುದಿ ಅದ್ದಿ. ದಿನಕ್ಕೆ ಮೂರು ನಾಲ್ಕು ಸಲ, ಮೂರು ದಿನ. ಕಡು ಅಯೋಡಿನ್ ಚರ್ಮ ಸುಡುತ್ತದೆ. ಗೊರಸಿನ ತುದಿಯಲ್ಲಿ ಮೆತ್ತನೆಯ ಬಿಳಿ ಜುಂಗು ನೇತಾಡುತ್ತಿದ್ದರೆ ಗಾಬರಿ ಬೇಡ. ಗರ್ಭಕೋಶ ಗೀರದಿರಲೆಂದು ಇರುವ ಹೊದಿಕೆ ಅದು, ಮರಿ ನಡೆದಾಡಿದಂತೆ ಸವೆದು ಹೋಗುತ್ತದೆ.

ಆಮೇಲೆ ಲೆಕ್ಕ ಸುಲಭ. ಒಂದು ಗಂಟೆಯೊಳಗೆ ಮರಿ ನಿಲ್ಲಬೇಕು, ಎರಡರೊಳಗೆ ಹಾಲು ಕುಡಿಯಬೇಕು, ಮೂರರೊಳಗೆ ಮಾಸು ಬೀಳಬೇಕು. ಮಾಸು ನೇತಾಡುತ್ತಿದ್ದರೆ ಎಳೆಯಬೇಡಿ, ತುಳಿಯದಂತೆ ಮೇಲಕ್ಕೆ ಗಂಟು ಹಾಕಿ. ಹಸುವಿಗಾದರೆ ಒಂದು ದಿನ ಕಾಯುವ ರೂಢಿಯಿದೆ. ಕುದುರೆಗೆ ಮೂರು ಗಂಟೆ ದಾಟಿದರೆ ನಂಜೇರಿ ಗೊರಸೂ ಹಾಳಾಗಬಹುದು. ಬಿದ್ದ ಮಾಸನ್ನು ನೆಲದ ಮೇಲೆ ಹರಡಿ: ಪೈಜಾಮದ ಹಾಗೆ ಎರಡೂ ಕಾಲು ಪೂರ್ತಿ ಇರಬೇಕು. ತುದಿ ಹರಿದಿದ್ದರೆ ಒಂದು ತುಂಡು ಒಳಗೇ ಉಳಿದಿದೆ.

ಪ್ರಶ್ನೆ: ಬಡಕಲು ತಾಯಿಗೆ ಹಾಲೇ ಇಲ್ಲದಿದ್ದರೆ ಪ್ಯಾಕೆಟ್ ಹಾಲು ಕೊಡಬಹುದೇ?
– ಓದುಗರು, ಕೆಂಗೇರಿ

ಉತ್ತರ: ಕೊಡಬಹುದು, ಆದರೆ ಗಿಣ್ಣು ಮೊದಲು. ಮರಿ ಹುಟ್ಟುವಾಗ ಅದರ ರಕ್ತದಲ್ಲಿ ರೋಗನಿರೋಧಕ ಅಂಶ ಇಲ್ಲವೆಂದೇ ಹೇಳಬೇಕು, ಗಿಣ್ಣಿನಿಂದಲೇ ಬರಬೇಕು. ಅದನ್ನು ಹೀರುವ ಶಕ್ತಿ ಕರುಳಿಗೆ ಮೊದಲ 6–12 ಗಂಟೆ ಚೆನ್ನಾಗಿರುತ್ತದೆ, 24 ಗಂಟೆಗೆ ಮುಗಿಯುತ್ತದೆ. ಪಾರುಮಾಡಿ ತಂದ ಕುದುರೆಗಳ ಮರಿಗಳು ಸೋಲುವುದು ಹೆಚ್ಚಾಗಿ ಇಲ್ಲೇ. ಹೀಗಾಗಿ ಕುಣಿಗಲ್ ಕಡೆಯ ಸ್ಟಡ್ ಫಾರಂಗಳಲ್ಲಿ ಹೆಪ್ಪುಗಟ್ಟಿಸಿಟ್ಟ ಗಿಣ್ಣು ಸಿಗುತ್ತದೆಯೇ ಎಂದು ಮೊದಲೇ ಡಾಕ್ಟರ ಮೂಲಕ ವಿಚಾರಿಸಿಡಿ. ಉಗುರುಬೆಚ್ಚಗಿನ ನೀರಿನಲ್ಲಿಟ್ಟು ಕರಗಿಸಿ, ಮೈಕ್ರೋವೇವ್ ಬೇಡ. 30 ಕೆಜಿ ಮರಿಗೆ ಒಂದೂವರೆ ಲೀಟರ್, ಗಂಟೆಗೆ 250 ಮಿಲಿಯಂತೆ. ಮರುದಿನ ರಕ್ತದ ಐಜಿಜಿ (ಗಿಣ್ಣಿನಿಂದ ಬಂದ ರೋಗನಿರೋಧಕ ಅಂಶ) ಪರೀಕ್ಷೆ ಮಾಡಿಸಿ. ಡೆಸಿಲೀಟರ್‌ಗೆ 800 ಮಿಲಿಗ್ರಾಂ ದಾಟಿರಬೇಕು. 400ಕ್ಕಿಂತ ಕಡಿಮೆಯಾದರೆ ಪ್ಲಾಸ್ಮಾ (ಆ ಅಂಶವಿರುವ ರಕ್ತದ ದ್ರವಭಾಗ) ಕೊಡಿಸಬೇಕಾಗುತ್ತದೆ.

ಆಮೇಲೆ ಪ್ಯಾಕೆಟ್ ಹಾಲು. ಕುದುರೆ ಹಾಲಿನಲ್ಲಿ ಕೊಬ್ಬು ಕಡಿಮೆ, ಸಿಹಿ ಹೆಚ್ಚು. ಟೋನ್ಡ್ ಮತ್ತು ಡಬಲ್ ಟೋನ್ಡ್ ಸಮ ಬೆರೆಸಿದರೆ ಕೊಬ್ಬು ಶೇ. 2ರ ಆಸುಪಾಸಿಗೆ ಬರುತ್ತದೆ. ಲೀಟರಿಗೆ 20 ಗ್ರಾಂ ಡೆಕ್ಸ್‌ಟ್ರೋಸ್ (ಗ್ಲೂಕೋಸ್) ಪುಡಿ ಸೇರಿಸಿ. ಅಡುಗೆಮನೆ ಸಕ್ಕರೆ, ಬೆಲ್ಲ ಎರಡೂ ಬೇಡ, ಎಳೆ ಮರಿಗೆ ಅರಗದೆ ಭೇದಿಯಾಗುತ್ತದೆ. ಮೊದಲ ದಿನ ಎರಡು ಗಂಟೆಗೊಮ್ಮೆ 250 ಮಿಲಿ, ರಾತ್ರಿಯೂ ಸೇರಿ. ವಾರದೊಳಗೆ ದಿನಕ್ಕೆ ಆರು ಲೀಟರಿಗೆ ಏರಿಸಿ. ಮರಿ ನಿಂತೇ ಕುಡಿಯಲಿ, ಬಾಟಲಿ ತಾಯಿಯ ಕೆಚ್ಚಲಿನ ಎತ್ತರದಲ್ಲಿರಲಿ. ತಲೆ ಮೇಲೆತ್ತಿ ಸುರಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ.

ಪ್ರಶ್ನೆ: ಒಂಬತ್ತು ದಿನದ ಮರಿ ತಾಯಿಯ ಲದ್ದಿ ತಿನ್ನುತ್ತಿದೆ, ಭೇದಿಯೂ ಇದೆ. ಲದ್ದಿಯಿಂದಲೇ?
– ಓದುಗರು, ದೇವನಹಳ್ಳಿ

ಉತ್ತರ: ಅಲ್ಲ. ಲದ್ದಿ ತಿನ್ನುವುದು ಸಹಜ. ಹುಲ್ಲು ಅರಗಿಸುವ ಜೀವಾಣುಗಳು ಮರಿಯ ಕರುಳಿಗೆ ಸೇರುವುದು ಹೀಗೆಯೇ. 5ರಿಂದ 14ನೇ ದಿನದೊಳಗೆ ತೆಳು ಭೇದಿಯೂ ಸಾಮಾನ್ಯ. ಹಿಂಭಾಗ ತೊಳೆದು ವ್ಯಾಸಲೀನ್ ಸವರಿ. ಮರಿ ಹಾಲು ಬಿಟ್ಟರೆ, ಜ್ವರ 39 ಡಿಗ್ರಿ ಸೆಲ್ಸಿಯಸ್ ದಾಟಿದರೆ, ಅಥವಾ ತಾಯಿಯ ಕೆಚ್ಚಲು ಬಿಗಿದು ಹಾಲು ತೊಟ್ಟಿಕ್ಕುತ್ತಿದ್ದರೆ (ಮರಿ ಕುಡಿಯುತ್ತಿಲ್ಲ ಎಂದೇ ಅರ್ಥ) ಬೆಳಗಾಗಲಿ ಎಂದು ಕಾಯದೆ ಡಾಕ್ಟರನ್ನು ಕರೆಸಿ.